ಕಣಗಿನಹಾಳದ ಗೌಡರು

ಬ್ಯಾಂಕಿನಲ್ಲಿ ಕುಳಿತು ದಿನವೂ ಜಾಮೀನು ಪತ್ರಗಳನ್ನು ತಿರುವಿಹಾಕುವ ನಮಗೆ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೆನಪು ಆಗಾಗ ಬರುವುದುಂಟು. 1843ರಲ್ಲಿ ಹುಟ್ಟಿದ ಈ ಹಿರಿಯರ ಊರು ಗದಗಿಗೆ ಹತ್ತಿರದ ಕಣಗಿನಹಾಳ. ಆಗ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು.

1876-78ರ ಭೀಕರ ಬರವನ್ನೂ ಶತಮಾನದ ಕೊನೆಯ ಬರಗಳನ್ನೂ ಕಂಡ ಪೀಳಿಗೆ ಅವರದು. ಮಳೆ ಹೋದರೆ ಬೀಜಕ್ಕೂ ಸಾಹುಕಾರನ ಬಾಗಿಲೇ ಗತಿ. ಬಡ್ಡಿ ಬೆಳೆದು ಹೊಲವನ್ನೇ ನುಂಗುತ್ತಿತ್ತು. 1904ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದು. ಆದರೆ ಹಳ್ಳಿಯ ಸಂಘಕ್ಕೆ ಹೊಣೆ ಅಪರಿಮಿತ. ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಇನ್ನೊಬ್ಬನ ಹೊಲಮನೆಗೂ ಕುತ್ತು. ಸ್ವಂತ ಭಾವನ ಜಾಮೀನಿಗೆ ರುಜು ಹಾಕಲು ನಾವೇ ಹಿಂದುಮುಂದು ನೋಡುತ್ತೇವೆ!

ಅರವತ್ತು ದಾಟಿದ್ದ ಗೌಡರು ಆ ಹೊಣೆಗೆ ಹೆಗಲು ಕೊಟ್ಟು ಊರವರನ್ನು ಕೂಡಿಸಿದರು. 1905ರಲ್ಲಿ ಕಣಗಿನಹಾಳದ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದಕ್ಕೆ ಹೆಸರು. ಲಾಭ ಬಂದರೂ ಅದು ಮೊದಲು ಕಾಯ್ದಿಟ್ಟ ನಿಧಿಗೇ ಸೇರಬೇಕು. ಸಾಲ ಕೇಳುವವನ ಹೊಲವೆಷ್ಟು, ಮಾತೆಂಥದು ಎಂಬುದು ಕೊಡುವವರಿಗೆ ಗೊತ್ತು. ನಮ್ಮ ಕಚೇರಿಯ ಕಾಗದಗಳು ಅದನ್ನು ಹೇಳಲಾರವು.

ಗೌಡರು 1933ರಲ್ಲಿ ತೀರಿಕೊಂಡರು. ಧಾರವಾಡ ಸೀಮೆ 1956ರಲ್ಲಿ ಮುಂಬಯಿಯಿಂದ ಬೇರೆಯಾಗಿ ವಿಶಾಲ ಮೈಸೂರನ್ನು ಸೇರಿತು. ಗದಗು 1997ರಲ್ಲಿ ತಾನೇ ಜಿಲ್ಲೆಯಾಯಿತು. ರಜೆಯಲ್ಲಿ ಊರಿಗೆ ಹೋಗುತ್ತ ಗದಗಿನಲ್ಲಿ ಗಾಡಿ ಬದಲಿಸುವ ಬಂಧುಗಳು ಮಕ್ಕಳನ್ನು ಒಮ್ಮೆ ಕಣಗಿನಹಾಳಕ್ಕೆ ಕರೆದೊಯ್ಯಬಹುದು, ಹಾದಿ ದೂರವಿಲ್ಲ.