ಊರು ಕೆಡವದೆ ಸರಿಮಾಡಲು ಹೇಳಿಕೊಟ್ಟ ಗೆಡ್ಡೆಸ್

ರಸ್ತೆ ಅಗಲೀಕರಣ ಅಂದ ಕೂಡಲೇ ಪೇಟೆ ಅಂಗಡಿಯವರ ಎದೆ ಧಸಕ್ಕೆನ್ನುತ್ತೆ. ನೂರು ವರ್ಷದ ಹಿಂದೆಯೂ ಇದೇ ಕತೆ. ಆಗ ಬೀದಿ ಜನರ ಪರ ನಿಂತವರು ಪ್ಯಾಟ್ರಿಕ್ ಗೆಡ್ಡೆಸ್.

1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವರು ಓದಿದ್ದು ಜೀವವಿಜ್ಞಾನ. ಮದುವೆಯಾದ ಹೊಸದರಲ್ಲೇ ಹೆಂಡತಿ ಆನಾ ಜೊತೆ ಎಡಿನ್‌ಬರೋದ ಹಳೇ ವಠಾರವೊಂದಕ್ಕೆ ಹೋಗಿ ನೆಲೆಸಿ, ಅಕ್ಕಪಕ್ಕದವರನ್ನೂ ಸೇರಿಸಿಕೊಂಡು ಅದನ್ನು ಚೊಕ್ಕಟ ಮಾಡಿದರು.

1914ರಲ್ಲಿ ಭಾರತಕ್ಕೆ ಬಂದರು. ಊರೂರಿನ ಗಲ್ಲಿಗಳನ್ನು ನಡೆದೇ ನೋಡಿದರು. ಅಧಿಕಾರಿಗಳು ಸಾಲು ಮನೆ ಕೆಡವಿ ನೇರ ರಸ್ತೆ ಎಳೆಯೋಕೆ ಹೊರಟಿದ್ದರು. ಇವರ ಲೆಕ್ಕವೇ ಬೇರೆ: ತೀರಾ ಹಾಳಾದ ನಾಲ್ಕು ಮನೆ ಮಾತ್ರ ತೆಗೆಯೋದು, ಅಲ್ಲಿ ಮರ ನೆಡೋದು, ಉಳಿದದ್ದನ್ನು ರಿಪೇರಿ ಮಾಡೋದು. ಸೊಳ್ಳೆ ಕಾಟ ಅಂತ ಕೆರೆ ಮುಚ್ಚೋದು ಬೇಡ, ಮೀನು ಬಿಟ್ಟರೆ ಸಾಕು, ಕೆರೆ ಊರನ್ನು ತಂಪಾಗಿಡುತ್ತೆ ಅನ್ನೋದು ಅವರ ವಾದ.

1917ರಲ್ಲಿ ಮಗ ಯುದ್ಧದಲ್ಲಿ ಸತ್ತ. ಅದೇ ವರ್ಷ ಆನಾ ಭಾರತದಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಗೆಡ್ಡೆಸ್ ಕೆಲಸ ಬಿಡಲಿಲ್ಲ. ಇಂದೋರ್‌ನಲ್ಲಿ ಪ್ಲೇಗ್ ಕಾಡುತ್ತಿತ್ತು. ದೀಪಾವಳಿ ಮೆರವಣಿಗೆ ಚೊಕ್ಕಟವಾದ ಬೀದಿಯಲ್ಲೇ ಬರುತ್ತೆ ಅಂತ ಸಾರಿಸಿದರು. ಜನ ತಾವೇ ಪೊರಕೆ ಹಿಡಿದರು, ಸುಣ್ಣ ಬಳಿದರು. 1918ರಲ್ಲಿ ಇಂದೋರ್ ನಗರ ಯೋಜನೆಯ ವರದಿ ಹೊರಬಂತು.

1932ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಕೆಡವಿ ಕಟ್ಟಿದರೆ ಮತ್ತೆ ಸಿಮೆಂಟು, ಕಬ್ಬಿಣ, ಲಾರಿ ಹೊಗೆ. ಇರೋದನ್ನೇ ರಿಪೇರಿ ಮಾಡಿದರೆ ಇಂಗಾಲ ಕಮ್ಮಿ ಅಂತ ತಜ್ಞರು ಈಗ ಹೇಳ್ತಿದ್ದಾರೆ. ಗೆಡ್ಡೆಸ್ ಆ ದಾರಿಯನ್ನು ಆಗಲೇ ತೋರಿಸಿದ್ದರು.