ರಫಿ ಸಾಹೇಬರು ಮತ್ತು ರಾಯಲ್ಟಿ ರಗಳೆ

ಮೊಹಮ್ಮದ್ ರಫಿ ಯಾರಿಗೆ ಗೊತ್ತಿಲ್ಲ? 1967ರಲ್ಲಿ ನಮ್ಮ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೂ ಹಾಡಿದ ಕಂಠ ಅದು. ಅಂಥ ಸಾಧು ಮನುಷ್ಯ ಲತಾ ಮಂಗೇಶ್ಕರ್ ಜತೆ ವರ್ಷಗಟ್ಟಲೆ ಜೋಡಿ ಹಾಡು ಬಿಟ್ಟಿದ್ದರು. ಕಾರಣ ರಾಯಲ್ಟಿ!

ರಫಿ ಹುಟ್ಟಿದ್ದು 1924ರಲ್ಲಿ, ಅಮೃತಸರದ ಹತ್ತಿರದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ. ಮನೆಯವರದು ಲಾಹೋರಿನಲ್ಲಿ ಕ್ಷೌರದ ಅಂಗಡಿ. 1944ರಲ್ಲಿ ಮುಂಬಯಿಗೆ ಬಂದರು. ಮುಂದಿನದು ಹೇಳಬೇಕಾಗಿಯೇ ಇಲ್ಲ.

ಆಗಿನ ಪದ್ಧತಿ ಹೀಗಿತ್ತು. ಹಾಡಿದವರಿಗೆ ಒಂದು ಸಲ ಕೂಲಿ. ರೆಕಾರ್ಡು ಎಷ್ಟೇ ಮಾರಿದರೂ ಎಚ್.ಎಂ.ವಿ. ಕಂಪನಿ ರಾಯಲ್ಟಿ ಕೊಡುತ್ತಿದ್ದದ್ದು ಚಿತ್ರ ನಿರ್ಮಾಪಕರಿಗೆ. ಕಟ್ಟಡ ಕಟ್ಟಿದ ಗಾರೆಯವನಿಗೆ ದಿನಗೂಲಿ, ಬಾಡಿಗೆ ಮಾತ್ರ ಮಾಲೀಕನಿಗೆ ಅಂದ ಹಾಗೆ. ಆದರೆ ಕಟ್ಟಡ ನೋಡಿದರೆ ಗಾರೆಯವನ ನೆನಪಾಗೋಲ್ಲ. ಹಾಡು ಕೇಳಿದರೆ ರಫಿಯೇ ಕಿವಿಗೆ ಬರೋದು!

1960ರ ದಶಕದ ಆರಂಭದಲ್ಲಿ ಲತಾ ಎದ್ದು ನಿಂತು ಗಾಯಕರಿಗೂ ಪಾಲು ಬೇಕು ಅಂದರು. ರಫಿ ಒಪ್ಪಲಿಲ್ಲ. ದುಡ್ಡು ತಗೊಂಡು ಹಾಡಿದ ಮೇಲೆ ಗಾಯಕನ ಬಾಬ್ತು ಮುಗೀತು ಎಂಬುದು ಅವರ ವಾದ. ನಿಸಾರ್ ಬಜ್ಮಿ ಕೈಯಲ್ಲಿ ಕಾಸಿಲ್ಲದಿದ್ದಾಗ ಒಂದೇ ರೂಪಾಯಿಗೆ ಹಾಡಿಕೊಟ್ಟವರು ಅವರು. ಲೆಕ್ಕ ಹಾಕೋ ಸ್ವಭಾವವೇ ಅಲ್ಲ. ದೊಡ್ಡ ಮನಸ್ಸೇ ಸರಿ. ಆದರೆ ಅದರಿಂದ ಲಾಭ ಆದದ್ದು ನಿರ್ಮಾಪಕರಿಗೆ. ದಿನಾ ಹಾಡು ಸಿಗದ ಚಿಕ್ಕ ಗಾಯಕರಿಗೆ ಅಲ್ಲ.

ಜಗಳ ಹತ್ತಿದ ಮೇಲೆ ರಫಿ ಜತೆಗಿನ ಜೋಡಿ ಹಾಡುಗಳು ಸುಮನ್ ಕಲ್ಯಾಣಪುರ್ ಪಾಲಿಗೆ ಬಂದವು. 1967ರಲ್ಲಿ ಎಸ್.ಡಿ. ಬರ್ಮನ್ ಕಾರ್ಯಕ್ರಮದ ವೇದಿಕೆ ಇಬ್ಬರನ್ನೂ ಕೂಡಿಸಿತು.

ಕಾನೂನಾದರೂ ಏನು ಮಾಡ್ತಿತ್ತು? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವನಿಗೆ ಹಕ್ಕೇ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು, ಸಂಭಾವನೆ ಕೊಟ್ಟು ಬರೆಸಿದ ಸಿನಿಮಾ ಸಂಗೀತ ನಿರ್ಮಾಪಕನದೇ ಅಂತ ತೀರ್ಪಿತ್ತಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮಾತ್ರ, ಕಂಠಕ್ಕೆ ಹಕ್ಕಿಲ್ಲದ್ದು ಈ ದೇಶಕ್ಕೆ ಒಗ್ಗುವುದಿಲ್ಲ, ಗಾಯಕರಿಗೂ ಹಕ್ಕು ಸಿಗಬೇಕು ಅಂತ ಪ್ರತ್ಯೇಕವಾಗಿ ಬರೆದಿಟ್ಟರು.

1980ರ ಜುಲೈ 31ರಂದು, 55ನೇ ವಯಸ್ಸಿಗೇ ರಫಿ ತೀರಿಕೊಂಡರು. ಸುರಿಯೋ ಮಳೆಯಲ್ಲೇ ಸಾವಿರಾರು ಜನ ಅಂತಿಮ ಯಾತ್ರೆಗೆ ಬಂದರು. ಸಿನಿಮಾ ಗಾಯಕರಿಗೆ ರಾಯಲ್ಟಿ ಪಾಲು ಕಾಯ್ದೆಯೊಳಗೆ ಬಂದದ್ದು 2012ರಲ್ಲಿ, ಅವರು ಹೋಗಿ 32 ವರ್ಷ ಆದ ಮೇಲೆ. ಅದೇ ವರ್ಷ ಲತಾ, ರಫಿ ತಮಗೆ ಕ್ಷಮಾಪಣೆ ಪತ್ರ ಬರೆದಿದ್ದರು ಅಂದರು. ರಫಿ ಮಗ ಅದನ್ನು ಸುತರಾಂ ಒಪ್ಪಲಿಲ್ಲ.