ರೂಪಾಯಿಗೊಂದು ಪೈಸೆ ಎತ್ತಿಟ್ಟ ಮೇಷ್ಟ್ರು

ಪುಣೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಕರ್ವೆ ಎಂದರೆ ಮೊದಲು ನೆನಪಾಗುವುದು ಟ್ರಾಫಿಕ್ಕು. ಡೆಕ್ಕನ್ ಕಡೆಯಿಂದ ಕೊತ್ರೂಡ್‌ಗೆ ಹೋಗುವ ಕರ್ವೆ ರಸ್ತೆ, ಅದರ ಆಚೆಗೆ ಕರ್ವೆನಗರ. ಆ ಹೆಸರಿನ ಮನುಷ್ಯ ವಿಧವೆಯರಿಗಾಗಿ ಆಶ್ರಮ ಕಟ್ಟಿದರು, ನೂರು ದಾಟಿ ಬದುಕಿದರು, ಭಾರತರತ್ನ ಪಡೆದರು ಎಂಬಷ್ಟು ಎಲ್ಲರಿಗೂ ಗೊತ್ತು. ನಮ್ಮ ಬಡಾವಣೆಯ ಪುಟ್ಟ ಕನ್ನಡ ಬಳಗದ ಖಜಾಂಚಿ ಕೆಲಸ ನನ್ನ ಹೆಗಲಿಗೆ ಬಿದ್ದ ಮೇಲೆ ನನಗೆ ಆಸಕ್ತಿ ಹುಟ್ಟಿದ್ದು ಅವರ ಬದುಕಿನ ಇನ್ನೊಂದು ಮಗ್ಗುಲಲ್ಲಿ. ಈ ಮನುಷ್ಯ ದುಡ್ಡು ಹೇಗೆ ಕೇಳಿದರು? ಒಂದೆರಡು ವರ್ಷವಲ್ಲ, ಹತ್ತಿರ ಹತ್ತಿರ ಅರವತ್ತು ವರ್ಷ!

ಧೋಂಡೊ ಕೇಶವ ಕರ್ವೆ ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣದಲ್ಲಿ. ಬೆಳೆದದ್ದು ಸಮುದ್ರ ದಂಡೆಯ ಮುರುಡ್ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗ ಪರೀಕ್ಷೆ ಬರೆಯಲು ಘಟ್ಟ ಹತ್ತಿ ಸಾತಾರಾದವರೆಗೆ ನೂರಕ್ಕೂ ಹೆಚ್ಚು ಮೈಲಿ ನಡೆದುಹೋದರು. ಅಲ್ಲಿಯ ಅಧಿಕಾರಿಗಳು ಈತ ತುಂಬ ಚಿಕ್ಕವನಂತೆ ಕಾಣುತ್ತಾನೆ, ವಯಸ್ಸು ಸಾಲದು ಎಂದು ವಾಪಸ್ ಕಳಿಸಿದರು. ಬಂದ ದಾರಿಯಲ್ಲೇ ಊರಿಗೆ ಮರಳಿದರು. ಮುಂದೆ ಮುಂಬೈ ಸೇರಿ, ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತಾ, 1884ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎ. ಮಾಡಿದರು.

ಊರು ಬಿಟ್ಟು ಬಂದವರಿಗೆ ಮನಸ್ಸಿಗೆ ನಾಟುವ ಸಂಗತಿ ಇಲ್ಲಿದೆ. ಮುಂಬೈಯಲ್ಲಿ ದುಡಿಯಲು ಶುರುಮಾಡಿದಾಗಲೇ ಅವರು ಒಂದು ನಿಯಮ ಹಾಕಿಕೊಂಡರು. ಗಳಿಸಿದ ಪ್ರತಿ ರೂಪಾಯಿಯಲ್ಲಿ ಒಂದು ಪೈಸೆ ಪರರಿಗೆ. ಆಗ ರೂಪಾಯಿಗೆ 64 ಪೈಸೆ. ಲೆಕ್ಕ ಹಾಕಿದರೆ ಶೇಕಡಾ ಒಂದೂವರೆಯಷ್ಟು. ಯಾರ ಜೇಬಿಗೂ ಭಾರವಲ್ಲ, ಆದರೆ ತಪ್ಪಿಸುವಂತಿಲ್ಲ. ಹುಟ್ಟೂರಿನ ಏಳಿಗೆಗೆಂದು ಮುರುಡ್ ಫಂಡ್ ಎಂಬ ನಿಧಿಯನ್ನೂ ಕಟ್ಟಿದರು. ನಮ್ಮಲ್ಲಿ ಎಷ್ಟೋ ಜನ ಊರಿನ ಜಾತ್ರೆಗೆ, ಶಾಲೆಯ ಕೋಣೆಗೆ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಕರ್ವೆ ನೆಚ್ಚಿಕೊಂಡದ್ದು ತಿಂಗಳು ತಿಂಗಳು ಬರುವ ಸಣ್ಣ ದುಡ್ಡನ್ನು.

1891ರಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ಹೆಂಡತಿ ರಾಧಾಬಾಯಿ ತೀರಿಕೊಂಡರು. ಗೋಖಲೆಯವರ ಕರೆಯ ಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದರು. ಎರಡು ವರ್ಷದ ನಂತರ ಸ್ನೇಹಿತನ ತಂಗಿ, ಬಾಲವಿಧವೆ ಗೋದೂಬಾಯಿಯನ್ನು ಮದುವೆಯಾದರು. ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದ ಆಕೆಗೆ ಮದುವೆಯ ನಂತರ ಆನಂದಿಬಾಯಿ ಎಂದು ಹೆಸರಾಯಿತು. ಇಬ್ಬರೂ ಮುರುಡ್‌ಗೆ ಹೋದಾಗ ಊರು ಸಭೆ ಸೇರಿ ಬಹಿಷ್ಕಾರ ಹಾಕಿತು. ಯಾವ ಊರಿಗಾಗಿ ನಿಧಿ ಕಟ್ಟಿದ್ದರೋ ಅದೇ ಊರು! ಅದಕ್ಕಾಗಿ ಅವರು ಮುರುಡ್ ಮೇಲೆ ಹಗೆ ಸಾಧಿಸಲಿಲ್ಲ.

1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮ ಶುರುವಾಯಿತು. ಬಂಡವಾಳ ಎಂದರೆ ಅವರದೇ ಉಳಿತಾಯದ ಸಾವಿರ ರೂಪಾಯಿ. ಆಮೇಲೆ 5,000 ರೂಪಾಯಿಯ ತಮ್ಮ ಜೀವವಿಮೆ ಪಾಲಿಸಿಯನ್ನೂ ಸಂಸ್ಥೆಗೇ ಬರೆದುಕೊಟ್ಟರು. ಮಕ್ಕಳೊಂದಿಗ ಸಂಸಾರಸ್ಥ ವಿಮೆಯನ್ನೇ ದಾನ ಮಾಡುವುದು ಸರಿಯೇ? ಇಎಂಐ ಕಟ್ಟುವ ನನಗಂತೂ ಇದನ್ನು ಒಪ್ಪುವುದು ಕಷ್ಟ. ಆದರೆ ಬೇರೆಯವರ ಮುಂದೆ ಕೈಚಾಚುವ ಮೊದಲು ತನ್ನ ಕೈ ಖಾಲಿ ಮಾಡಿಕೊಂಡವನಿಗೆ ಇಲ್ಲ ಎನ್ನುವುದೂ ಕಷ್ಟವೇ.

ಊರಿಗೆ ಪ್ಲೇಗ್ ಬಂದ ಕಾಲ. ರಾವ್‌ಬಹಾದ್ದೂರ್ ಗೋಖಲೆ ಎಂಬ ದಾನಿ ಹಿಂಗಣೆಯಲ್ಲಿ ಆರು ಎಕರೆ ಜಮೀನು, ಗುಡಿಸಲು ಕಟ್ಟಲು 750 ರೂಪಾಯಿ ಕೊಟ್ಟರು. 1900ರಲ್ಲಿ ಆಶ್ರಮ ಅಲ್ಲಿಗೆ ಹೋಯಿತು. ಇವತ್ತಿನ ಕರ್ವೆನಗರವೇ ಆಗಿನ ಹಿಂಗಣೆ. ಆಗ ರಸ್ತೆ ಇಲ್ಲ, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಕಾಲೇಜಿಗೂ ಆಶ್ರಮಕ್ಕೂ ಸುಮಾರು ನಾಲ್ಕು ಮೈಲಿ, ವರ್ಷಗಟ್ಟಲೆ ನಡೆದೇ ಓಡಾಡಿದರು. ಹಗಲು ಕಾಲೇಜಿನಲ್ಲಿ ಗಣಿತ, ಬಿಡುವು ಸಿಕ್ಕಾಗ ಪೇಟೆಯಲ್ಲಿ ಚಂದಾ ಎತ್ತುವುದು, ಆಮೇಲೆ ಆಶ್ರಮದ ಹೆಣ್ಣುಮಕ್ಕಳಿಗೆ ಪಾಠ. ರಜೆ ಬಂತೆಂದರೆ ಪರವೂರು.

ಸಂಪ್ರದಾಯಸ್ಥರು ಬೈಯುತ್ತಿದ್ದರು, ಆದರೆ ಚಂದಾ ಬೇಕಾದದ್ದು ಅವರಿಂದಲೂ. ಹಾಗಾಗಿ ಆಶ್ರಮ ಕೊಡುವುದು ವಿದ್ಯೆ ಮಾತ್ರ, ವಿಧವಾ ವಿವಾಹದ ಪ್ರಚಾರವನ್ನು ಅಲ್ಲಿ ಮಾಡುವುದಿಲ್ಲ ಎಂದು ಕರ್ವೆ ಗೆರೆ ಎಳೆದರು. ಸ್ವತಃ ವಿಧವೆಯನ್ನು ಮದುವೆಯಾದವರೇ ಹೀಗೆ ಮಾಡಿದ್ದು ಸುಧಾರಕರಿಗೆ ಹಿಡಿಸಲಿಲ್ಲ. ದಾನಿಗಳಿಗಾಗಿ ಧ್ಯೇಯ ಬಿಟ್ಟರೇ? ನನ್ನ ಪ್ರಕಾರ ಬಿಡಲಿಲ್ಲ. ಮಗಳನ್ನು ಓದಲು ಕಳಿಸಿದ ತಂದೆಗೆ ಆಕೆಯನ್ನು ಮದುವೆಗೆ ಒಯ್ಯುತ್ತಾರೆಂಬ ಭಯವಿದ್ದರೆ ಆಕೆ ಓದುವುದೂ ನಿಂತುಹೋಗುತ್ತಿತ್ತು. ಆದರೂ ಅದು ಸುಲಭದ ರಾಜಿಯಾಗಿರಲಿಲ್ಲ.

ಈ ಕೆಲಸದಲ್ಲಿ ಕರ್ವೆ ಒಬ್ಬರೇ ಇರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಆನಂದಿಬಾಯಿಯವರ ಅಕ್ಕ-ತಂಗಿಯರಲ್ಲಿ ಪಾರ್ವತಿಬಾಯಿ ಆಠವಲೆ ಎಂಬವರೂ ವಿಧವೆ. ಆಶ್ರಮದಲ್ಲಿ ಓದಿ, ಅಲ್ಲಿಯೇ ಕೆಲಸಕ್ಕೆ ನಿಂತು, ಊರೂರು ತಿರುಗಿ ಭಾಷಣ ಮಾಡಿ ದುಡ್ಡು ಕೂಡಿಸಿದರು. ತಲೆ ಬೋಳಿಸಿಕೊಂಡ, ಕೆಂಪು ಸೀರೆಯ ಹೆಂಗಸು ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತಾಡಿದಾಗ ಮಡಿವಂತರೂ ಕೇಳಬೇಕಾಯಿತು. 1912ರಲ್ಲಿ ಆಕೆ ಆ ವೇಷವನ್ನು ಬಿಟ್ಟರು. ನಡುವಯಸ್ಸಿನಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದೆಯೂ ಅಮೆರಿಕಕ್ಕೆ ಹೋಗಿ, ಮನೆಗೆಲಸ ಮಾಡಿಕೊಂಡು ಭಾಷೆ ಕಲಿತು, ಆಶ್ರಮಕ್ಕೆ ಹಣ ತಂದರು. ಎಚ್-1ಬಿ ಸಿಗಲಿಲ್ಲವೆಂದು ಮುಖ ಊದಿಸಿಕೊಳ್ಳುವ ಗೆಳೆಯರಿಗೆ ನಾನು ಈಕೆಯ ಕಥೆ ಹೇಳುತ್ತಿರುತ್ತೇನೆ.

ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಒಂದು ಕಿರುಹೊತ್ತಗೆ ಓದಿದ ಕರ್ವೆಯವರಿಗೆ ಅಂಥದ್ದನ್ನು ಇಲ್ಲೂ ಕಟ್ಟುವ ಆಸೆಯಾಯಿತು. 1916ರಲ್ಲಿ ಅದು ಶುರುವಾದಾಗ ಇದ್ದದ್ದು ಐವರು ವಿದ್ಯಾರ್ಥಿನಿಯರು. ಪಾಠ ದೇಶಭಾಷೆಯಲ್ಲಿ, ಸರ್ಕಾರದ ಮಾನ್ಯತೆ ಇಲ್ಲ. ಅಂದರೆ ಪದವಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಅನುದಾನವೂ ಇಲ್ಲ.

ಮುಂಬೈಯ ಗಿರಣಿ ಮಾಲೀಕ ಸರ್ ವಿಠಲದಾಸ್ ಠಾಕರ್‌ಸಿ ಕೂಡ ಜಪಾನಿನ ಆ ಸಂಸ್ಥೆಯನ್ನು ನೋಡಿ ಬಂದಿದ್ದರು. 1920ರಲ್ಲಿ ತಾಯಿಯ ನೆನಪಿಗೆ 15 ಲಕ್ಷ ರೂಪಾಯಿ ಘೋಷಿಸಿದರು. ಗಂಟು ಒಮ್ಮೆಲೇ ಬರಲಿಲ್ಲ, ಮೂರೂವರೆ ಶೇಕಡಾ ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ 52,500 ಬರತೊಡಗಿತು. ವಿಶ್ವವಿದ್ಯಾಲಯಕ್ಕೆ ಶ್ರೀಮತಿ ನಾಥಿಬಾಯಿ ದಾಮೋದರ್ ಠಾಕರ್‌ಸಿ ಎಂದು ಆ ತಾಯಿಯ ಹೆಸರಾಯಿತು. ಮುಂಬೈ ಕನ್ನಡಿಗರು ಎಸ್‌ಎನ್‌ಡಿಟಿ ಎನ್ನುವುದು ಇದನ್ನೇ.

ಒಬ್ಬ ದೊಡ್ಡ ದಾನಿ ಸಿಕ್ಕರೆ ನಮ್ಮ ಬಳಗದಲ್ಲಾದರೆ ಸಣ್ಣ ಚಂದಾದಾರರ ಪಟ್ಟಿ ಮೂಲೆ ಸೇರುತ್ತದೆ. ಕರ್ವೆ ಹಾಗೆ ಮಾಡದೆ ಇದ್ದದ್ದು ಒಳ್ಳೆಯದೇ ಆಯಿತು. ವಿಠಲದಾಸ್ ತೀರಿಕೊಂಡರು. ಮುಂದೆ ಆಸ್ತಿಯ ಹೊಣೆ ಹೊತ್ತವರೊಂದಿಗೆ ಷರತ್ತುಗಳ ವಿಷಯದಲ್ಲಿ ತಕರಾರು ಬಂದು ಕೆಲವು ವರ್ಷ ಹಣ ನಿಂತುಹೋಯಿತು. ಇಡೀ ಸಿಸ್ಟಮ್ ಒಂದೇ ಸರ್ವರ್ ಮೇಲೆ ನಿಂತಾಗ ಏನಾಗುತ್ತದೆಂದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

1929ರಲ್ಲಿ, ಎಪ್ಪತ್ತು ದಾಟಿದ ಮೇಲೆ ಅವರು ಯುರೋಪ್, ಅಮೆರಿಕ, ಜಪಾನ್ ಸುತ್ತಿದರು. ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಅವರನ್ನೂ ಕಂಡರು. ಬಂದ ವರ್ಷವೇ ಆನಂದಿಬಾಯಿಯವರೊಂದಿಗೆ ಆಫ್ರಿಕಾಕ್ಕೆ ಹೊರಟರು. ಮಗ ಶಂಕರ್ ಮೊಂಬಾಸಾದಲ್ಲಿ ಡಾಕ್ಟರು. ಕೀನ್ಯಾ, ಉಗಾಂಡಾ, ಟಾಂಗನ್ಯಿಕಾ, ಜಂಜಿಬಾರ್, ದಕ್ಷಿಣ ಆಫ್ರಿಕಾ ಹೀಗೆ ಹದಿನೈದು ತಿಂಗಳು ತಿರುಗಿ, ಅಲ್ಲಿ ನೆಲೆಸಿದ ಭಾರತೀಯರನ್ನು ಭೇಟಿಯಾಗಿ ನಿಧಿ ಕೂಡಿಸಿದರು. ಊರು ಬಿಟ್ಟವನ ಎದೆಯಲ್ಲಿ ಊರಿಗಾಗಿ ಒಂದು ಮೂಲೆ ಇರುತ್ತದೆ ಎಂಬುದು ಮುರುಡ್ ಫಂಡ್‌ನ ಕಾಲದಿಂದಲೂ ಅವರಿಗೆ ತಿಳಿದಿತ್ತು.

1936ರಲ್ಲಿ, 78ನೇ ವಯಸ್ಸಿನಲ್ಲಿ, ಶಾಲೆಯಿಲ್ಲದ ಹಳ್ಳಿಗಳಿಗಾಗಿ ಇನ್ನೊಂದು ಸಂಸ್ಥೆ. ತಿಂಗಳಿಗೆ 70 ರೂಪಾಯಿ ಪಿಂಚಣಿಯಲ್ಲಿ 15 ಅದಕ್ಕೆ ಕೊಟ್ಟು, ಮತ್ತೆ ಮನೆ ಮನೆ ಸುತ್ತಿದರು. ನಲವತ್ತರಷ್ಟು ಶಾಲೆಗಳಾದವು. 1950ರಲ್ಲಿ ಆನಂದಿಬಾಯಿ ತೀರಿಕೊಂಡರು. ಪ್ರಶಸ್ತಿಗಳೆಲ್ಲ ಬಂದದ್ದು ಆಮೇಲೆ. 1955ರಲ್ಲಿ ಪದ್ಮವಿಭೂಷಣ, 1958ರಲ್ಲಿ ಭಾರತರತ್ನ, ಬದುಕಿದ್ದಾಗಲೇ ಅಂಚೆಚೀಟಿ.

ಆದರೆ ಈ ಎಲ್ಲಕ್ಕಿಂತ ನನ್ನ ಗಮನ ಸೆಳೆದದ್ದು 1951. ಮೂವತ್ತೈದು ವರ್ಷ ಕಾದ ವಿಶ್ವವಿದ್ಯಾಲಯಕ್ಕೆ ಆ ವರ್ಷ ಕಾನೂನಿನ ಮಾನ್ಯತೆ ಸಿಕ್ಕಿತು. ಅದರ ಮೊದಲ ಕುಲಪತಿಯಾಗಿ ಬಂದವರು ಲೇಡಿ ಪ್ರೇಮಲೀಲಾ ಠಾಕರ್‌ಸಿ, ಅಂದರೆ ವಿಠಲದಾಸ್ ಅವರ ವಿಧವೆ. ಅತ್ತೆಯ ಹೆಸರಿನ, ಗಂಡನ ದುಡ್ಡಿನಿಂದ ನಿಂತ ಸಂಸ್ಥೆಯನ್ನು ಅವರೇ ನಡೆಸಿದರು. ತೊಂಬತ್ತು ದಾಟಿದ್ದ ಕರ್ವೆ ಅದನ್ನು ನೋಡಲು ಇದ್ದರು. ಅವರು ತೀರಿಕೊಂಡದ್ದು 1962ರ ನವೆಂಬರ್ 9ರಂದು, 104ನೇ ವಯಸ್ಸಿನಲ್ಲಿ.

ಹಿಂಗಣೆಯ ಸಂಸ್ಥೆ ಈಗ ಮಹರ್ಷಿ ಕರ್ವೆ ಸ್ತ್ರೀ ಶಿಕ್ಷಣ ಸಂಸ್ಥೆ. ಅದು ಕಮ್ಮಿನ್ಸ್ ಕಂಪನಿಯ ನೆರವಿನಿಂದ 1991ರಲ್ಲಿ ಹೆಣ್ಣುಮಕ್ಕಳಿಗಾಗಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಪುಣೆಯ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಅಲ್ಲಿ ಓದಿದ ಒಬ್ಬರಾದರೂ ಸಿಗುತ್ತಾರೆ. ನನ್ನ ಟೀಮಿನಲ್ಲಿ ಇಬ್ಬರಿದ್ದಾರೆ.